“ಮೆ ಕ್ಲಾವೆ” ಎಂದವನು

ಅಂದು ಬೆಳಿಗ್ಗೆ ನಮ್ಮ ಡಾಮಿನೊ ಆಟ ಕೆಡಿಸಿದವರು ವಿಧವೆ ದೋನ್ಯಾ ಕಸಿಲ್ದಾ. ಅವರ ಗಿಣಿ ಪಂಜರದ ಸಮೇತ ಕಾಣೆಯಾಗಿತ್ತು. ಸತ್ತ ಗಂಡನ ಧ್ವನಿಯಲ್ಲಿ, ಬಾಗಿಲ ಮುಂದೆ ಸುಳಿದವರನ್ನೆಲ್ಲ “ಬಂದ್ಯಾ?” ಎಂದು ಕೇಳುತ್ತಿದ್ದ ಗಿಣಿ ಅದು.

ಕಳ್ಳ ಯಾರೆಂದೂ ಅವರೇ ತೀರ್ಮಾನಿಸಿಬಿಟ್ಟಿದ್ದರು: ಮಹಡಿಯ ಗಾರೆ ಕೆಲಸದ ನಬೋರ್. ಅವನು ಮೆಟ್ಟಿಲ ಮೇಲೆ ಫೋನಿನಲ್ಲಿ “ಮೆ ಕ್ಲಾವೆ” ಎಂದದ್ದನ್ನು ದರ್ಜಿ ಉಬಾಲ್ದೊ ಕೇಳಿಸಿಕೊಂಡಿದ್ದರಂತೆ. ನಮ್ಮ ಮೆಕ್ಸಿಕೊ ನಗರದ ವಠಾರಗಳಲ್ಲಿ ಹಾಗೆಂದರೆ ಲಪಟಾಯಿಸಿದೆ ಎಂದರ್ಥ. ಸಂಜೆಯೊಳಗೆ ಗಿಣಿ ಸಿಗದಿದ್ದರೆ ನಬೋರನನ್ನು ಪೊಲೀಸರಿಗೆ ಒಪ್ಪಿಸುವುದಾಗಿ ಹೇಳಿ ಕಸಿಲ್ದಾ ಅತ್ತರು.

ದೋನ್ ಎಲಿಯೊದೋರೊ ಎದ್ದರು. ನಿವೃತ್ತ ಕೋರ್ಟ್ ಗುಮಾಸ್ತರಾದ ಅವರು ವಠಾರದ ತಂಟೆಗಳನ್ನೆಲ್ಲ ಬಿಡಿಸುವವರು. ನಾನು ಅವರ ಹಿಂದೆ ಕೊಡೆ ಹಿಡಿದು ಹೋಗುವವನು.

ಉಬಾಲ್ದೊ ಬಾಗಿಲನ್ನು ಅರ್ಧವೇ ತೆರೆದರು. ಎಂದೂ ಹಾಡು ಕೇಳದವರ ಮನೆಯಲ್ಲಿ ರೇಡಿಯೊ ಅರಚುತ್ತಿತ್ತು. ಅವರ ತೋಳಿಗೆ ಸೂರ್ಯಕಾಂತಿ ಬೀಜದ ಸಿಪ್ಪೆ ಅಂಟಿತ್ತು. ಆ ಮಾತಿನ ನಂತರ ನಬೋರ್ ಏನೆಂದನೆಂದು ಎಲಿಯೊದೋರೊ ಕೇಳಿದರು. ಬೊಚ್ಚುಬಾಯಿಯ ಮುದಿ ದರ್ಜಿ, ಅಷ್ಟರಲ್ಲಿ ಬಾಗಿಲು ಹಾಕಿಕೊಂಡೆ ಎಂದರು. ನಬೋರನನ್ನು ಕೇಳಿದಾಗ ಅವನು ಕಿವಿಯವರೆಗೂ ಕೆಂಪಾಗಿ, ಬೇಕರಿಯ ಒಬ್ದೂಲಿಯಾಳ ಹೆಸರು ಹೇಳಿದ.

ಸಂಜೆ ಎಲ್ಲರೂ ಅಂಗಳದ ನೀರಿನ ತೊಟ್ಟಿಯ ಬಳಿ ಸೇರಿದೆವು.

“ಕ್ಲಾವೊ ಅಂದ್ರೆ ಮೊಳೆ,” ಎಂದರು ಎಲಿಯೊದೋರೊ. “ಕದ್ದದ್ದನ್ನ ಜೇಬಿಗೆ ಜಡಿದ್ರೂ ಅದೇ ಮಾತು. ಮನಸ್ಸು ಒಬ್ಬರ ಮೇಲೆ ಜಡಿದು ಕೂತು ಕೀಳಕ್ಕಾಗದ ಗೀಳಾದ್ರೂ ಅದೇ ಮಾತು. ಈ ಹುಡುಗಂದು ಎರಡನೇದು. ಕದ್ದೋರು ಬೇರೆ. ಹಲ್ಲಿಲ್ಲದೋರ ತೋಳಿಗೆ ಬೀಜದ ಸಿಪ್ಪೆ ಎಲ್ಲಿಂದ ಬಂತು? ಹಾಡು ಬೇಡದೋರಿಗೆ ಯಾವ ದನಿ ಮುಚ್ಚೋಕೆ ರೇಡಿಯೊ ಬೇಕಾಯ್ತು?”

ಅವರು ಹೋಗಿ ದರ್ಜಿಯ ರೇಡಿಯೊ ಆರಿಸಿದರು. ಮಂಚದ ಕೆಳಗಿನಿಂದ ಧ್ವನಿ ಬಂತು: “ಬಂದ್ಯಾ?”

ಉಬಾಲ್ದೊ ತಲೆ ತಗ್ಗಿಸಿದರು. “ಹೆಂಡ್ತಿ ಹೋದ್ಮೇಲೆ ನನ್ನನ್ನ ಹಾಗೆ ಕೇಳಿದ್ದು ಇದೊಂದೇ. ನನ್ನ ಬಾಗ್ಲಲ್ಲೂ ಕೇಳ್ಲಿ ಅನ್ನಿಸ್ತು. ಮೆ ಕ್ಲಾವೆ.”

ಯಾವ ಅರ್ಥದಲ್ಲಿ ಎಂದು ಯಾರೂ ಕೇಳಲಿಲ್ಲ. ಎರಡೂ ಸರಿಯಾಗಿದ್ದವು.

ಕಸಿಲ್ದಾ ಮಂಚದ ಕೆಳಗಿನಿಂದ ಪಂಜರವನ್ನು ಎಳೆದು ಎದೆಗವಚಿಕೊಂಡರು. “ಮೊದ್ಲು ನಬೋರನ ಕ್ಷಮೆ ಕೇಳಿ,” ಎಂದರು. “ಆಮೇಲೆ ದಿನಾ ಸಂಜೆ ನಮ್ಮನೇಗೆ ಬಂದು ಹೋಗಿ. ಅದು ನಿಮ್ಮನ್ನೂ ಕೇಳುತ್ತೆ.”

ಎಲ್ಲರೂ ಚದುರಿದರು. ನಾನು ನನ್ನ ಕೋಣೆಯ ಬೀಗ ತೆಗೆದು, ಹೊಸ್ತಿಲಲ್ಲೇ ಒಂದು ಗಳಿಗೆ ಕಾದೆ. ಒಳಗಿನಿಂದ ಯಾರೂ ಏನೂ ಕೇಳಲಿಲ್ಲ.