ಹೆಸರು ಹೇಳಿದ ಮೇಲೆಯೇ ಪದ್ಯ

"ನಿಲ್ಲಿಸಿ... ಅದು ನನ್ನ ಪದ್ಯ! ಕದ್ದಿದ್ದೀರ ನೀವು!"

ಇದಿಲ್ ಕೂಗಿದ ರಭಸಕ್ಕೆ ಮಿನಿಯಾಪೊಲಿಸ್‌ನ ಆ ಹಿರಿಯರ ಕೇಂದ್ರದಲ್ಲಿ ನಲವತ್ತು ಚಹಾ ಲೋಟಗಳು ತುಟಿಗೆ ತಲುಪದೆ ನಿಂತವು. ಅವಳು ಇನ್ನೂ ಬಾಗಿಲಲ್ಲೇ ಇದ್ದಳು. ಬೂಟಿನ ಹಿಮ ಕರಗಿರಲಿಲ್ಲ.

ಎದುರಿಗೆ ನಿಂತು ಪದ್ಯ ಹೇಳುತ್ತಿದ್ದವನು ಗುಲೇದ್. ಅಲ್ಲಿನ ಮುದುಕ ಮುದುಕಿಯರನ್ನು ಮನೆಯಿಂದ ಕರೆತರುವ ವ್ಯಾನಿನ ಚಾಲಕ. ನಿರಾಶ್ರಿತರ ಶಿಬಿರ ಬಿಟ್ಟು ಈ ಊರಿಗೆ ಬಂದು ಮೂರು ವರ್ಷ. ಗುರುವಾರ ಮಧ್ಯಾಹ್ನ ಚಹಾದ ಹೊತ್ತಿಗೆ ಪದ್ಯ ಹೇಳುವುದು ಅವನ ರೂಢಿ.

ಇವತ್ತಿನದು, ಹಿಮ ಸುರಿಯುವಾಗ ಕಿಟಕಿಯ ಪಕ್ಕ ಕೂತು ತನ್ನ ಹಳೆಯ ಒಂಟೆಗಳನ್ನು ಹೆಸರು ಹಿಡಿದು ಕರೆಯುವ ಅಜ್ಜಿಯ ಪದ್ಯ. ಸೋಮಾಲಿ ಮಾತಾಡಲಷ್ಟೇ ಬರುತ್ತಿದ್ದ ಇದಿಲ್ ಅದನ್ನು ಇಂಗ್ಲಿಷಿನಲ್ಲಿ ಬರೆದು ಬಹುಮಾನ ಗೆದ್ದಿದ್ದಳು. ಈಗ ಅದೇ ಪದ್ಯ ಸೋಮಾಲಿಯಲ್ಲಿ, ಸಾಲುಸಾಲಿಗೂ ಒಂದೇ ಅಕ್ಷರದ ಪ್ರಾಸ ಹಿಡಿದು, ಯಾರೋ ಅಪರಿಚಿತನ ಬಾಯಲ್ಲಿ!

ಗುಲೇದ್ ಮುಖ ಬಾಡಿತು. ವ್ಯಾನಿನ ಕೀ ಎತ್ತಿಕೊಂಡು ಹೊರಗೆ ಹೋದ.

ಇದಿಲ್‌ಳ ಅಜ್ಜಿ ದಹಬೊ ಕೋಲು ಕುಟ್ಟಿದಳು. "ತಡವಾಗಿ ಬಂದಿದ್ದೂ ಅಲ್ದೆ ರಂಪ ಬೇರೆ. ಪದ್ಯ ಶುರು ಮಾಡೋ ಮುಂಚೆ ನಮ್ಮಲ್ಲಿ ಏನು ಹೇಳ್ತಾರೆ ಕಣೆ?"

"ಕಟ್ಟಿದವರ ಹೆಸರು..."

"ಹೇಳಿದ. ಇದಿಲ್ ಕಟ್ಟಿದ್ದು, ವರ್ಸಮೆ ಮಗಳು, ಅವಾಲೆ ಮೊಮ್ಮಗಳು ಅಂತ ನಿನ್ನ ಮುತ್ತಾತನ ತನಕ ಹೇಳಿದ. ನೀನು ಆಗ ಬಸ್ಸಲ್ಲಿದ್ದೆ."

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಇದಿಲ್‌ಗೆ.

"ಐದು ವರ್ಷದಿಂದ ನೀನು ವೇದಿಕೆ ಮೇಲೆ ಓದ್ತೀಯ," ಅಜ್ಜಿಯ ದನಿ ಮೆತ್ತಗಾಯಿತು. "ನಾನು ಮುಂದಿನ ಸಾಲಲ್ಲಿ ಕೂತು, ಬೇರೆಯೋರು ಚಪ್ಪಾಳೆ ಹೊಡೆದಾಗ ನಾನೂ ಹೊಡೀತೀನಿ. ಒಂದು ಮಾತೂ ಅರ್ಥ ಆಗಲ್ಲ. ಇವತ್ತು ಗೊತ್ತಾಯ್ತು ಮಗಳೇ... ನನ್ನ ಒಂಟೆಗಳ ಹೆಸರೆಲ್ಲ ನೆನಪಿಟ್ಟಿದ್ದೀಯ."

ಇದಿಲ್‌ಗೆ ಅಳು ತಡೆಯಲಾಗಲಿಲ್ಲ. 'ಎಷ್ಟು ಬರೆದರೂ ಅಜ್ಜಿಗೆ ನಾನು ಕೊಡಲಾಗದ್ದನ್ನು ಅವನು ಕೊಟ್ಟ. ಅವನನ್ನೇ ಕಳ್ಳ ಅಂದೆನಲ್ಲ...'

ಮರುದಿನ ಎಣ್ಣೆಯಲ್ಲಿ ಕರಿದ ಬಿಸಿ ಸಂಬೂಸ ಕಟ್ಟಿಕೊಂಡು ವ್ಯಾನಿನ ಬಳಿ ಹೋದಳು.

"ತಪ್ಪಾಯ್ತು. ಕೋಪ ಇದೆಯಾ?"

"ಸಂಬೂಸದ ಮೇಲಂತೂ ಇಲ್ಲ." ಒಂದನ್ನು ತಿಂದ. "ಆದರೆ ಇನ್ನು ಪದ್ಯ ಹೇಳಲ್ಲ. ಕಟ್ಟಿದವರೇ ನಲವತ್ತು ಜನರೆದುರು ನಿಲ್ಲಿಸು ಅಂದ ಮೇಲೆ ನನಗೆ ಹಕ್ಕಿಲ್ಲ."

"ಅದನ್ನ ಯಾಕೆ ಸೋಮಾಲಿಗೆ ತಂದ್ರಿ?"

"ಶಿಬಿರದಲ್ಲಿ ನಮ್ಮಮ್ಮನೂ ಹೀಗೇ ಒಂಟೆಗಳನ್ನ ಕರೀತಿದ್ಲು. ಅಲ್ಲೇ ತೀರಿಕೊಂಡಳು. ನಿಘಂಟು ಇಟ್ಕೊಂಡು ನಿಮ್ಮ ಪದ್ಯ ಓದಿದ ದಿನ... ಅಮ್ಮ ಪಕ್ಕದಲ್ಲೇ ಕೂತ ಹಾಗಾಯ್ತು."

ಅವಳು ಉಳಿದ ಸಂಬೂಸಗಳನ್ನು ಅವನ ಪಕ್ಕದ ಸೀಟಿನ ಮೇಲಿಟ್ಟು, ನೇರ ಅಜ್ಜಿಯ ಬಳಿಗೆ ಹೋದಳು.

"ಕೂಟದಲ್ಲಿ ಆಡಿದ ಮಾತನ್ನ ಕೂಟದಲ್ಲೇ ತೊಳೀಬೇಕು, ಅದೂ ಪದ್ಯದಲ್ಲೇ," ಎಂದಳು ಅಜ್ಜಿ. ಒಮ್ಮೆ ಕೇಳಿದ್ದಕ್ಕೇ ಅವಳ ನಾಲಗೆಯ ತುದಿಯಲ್ಲಿ ಗುಲೇದ್ ಹೇಳಿದ್ದಷ್ಟೂ ಹಾಗೇ ಇತ್ತು. ಎರಡು ವಾರ ಇದಿಲ್ ಅವಳ ಮುಂದೆ ಕೂತು ತನ್ನದೇ ಪದ್ಯವನ್ನು ಮಗುವಿನಂತೆ ಕಲಿತಳು. "ಮೂಗಿಂದ ಅಲ್ಲ, ಗಂಟಲಿಂದ! ಹಿಂಗೆ ಕರೆದ್ರೆ ಯಾವ ಒಂಟೆ ಬರುತ್ತೆ?" ಎಂದು ಮುದುಕಿ ಬೈಯುತ್ತಿದ್ದರೆ, ಇದಿಲ್ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

ಗುರುವಾರ ಬಂತು. ಗುಲೇದ್ ಬಾಗಿಲ ಬಳಿ ಕೋಟು ಬಿಚ್ಚದೆ ನಿಂತಿದ್ದ. ಇದಿಲ್ ಎದ್ದಳು.

"ಇದನ್ನ ಕಟ್ಟಿದವಳು ಇದಿಲ್, ವರ್ಸಮೆ ಮಗಳು. ಇದನ್ನ ನನ್ನ ಅಜ್ಜಿಯ ಹತ್ತಿರ ಕರೆತಂದವನು ಗುಲೇದ್, ಫಾರಹ್ ಮಗ, ಸಮತರ್ ಮೊಮ್ಮಗ. ಅವನಿಗೆ ನಾನು ಋಣಿ. ಇನ್ನು ಮುಂದೆ ಅವನ ಹೆಸರು ಬಿಟ್ಟು ಈ ಪದ್ಯ ಯಾರೂ ಹೇಳಬಾರದು."

ಎಂಟು ಸಾಲು ಸರಾಗವಾಗಿ ಬಂದವು. ಒಂಬತ್ತನೆಯದು ಮರೆತುಹೋಯಿತು. ಇದಿಲ್ ಅಸಹಾಯಕಳಾಗಿ ಬಾಗಿಲತ್ತ ನೋಡಿದಳು.

ಅಲ್ಲಿಂದ ಮೆಲ್ಲನೆ ಒಂಬತ್ತನೆಯ ಸಾಲು ಬಂತು. ಹತ್ತನೆಯದನ್ನು ಇಬ್ಬರೂ ಸೇರಿ ಹೇಳಿದರು.

ಅಜ್ಜಿಯನ್ನು ವ್ಯಾನಿಗೆ ಹತ್ತಿಸಿದ ಮೇಲೆ ಗುಲೇದ್ ಕೇಳಿದ, "ನಮ್ಮ ತಾತನ ಹೆಸರು ಯಾರು ಕೊಟ್ರು?"

"ಕೇಂದ್ರದಲ್ಲಿ ಎಲ್ಲರನ್ನೂ ಕೇಳಿದೆ."

"ಹುಡುಗಿಯೊಬ್ಬಳು ಹುಡುಗನ ತಾತ ಯಾರು ಅಂತ ವಿಚಾರಿಸಿದ್ರೆ, ಜನ ಏನಂದ್ಕೊಳ್ತಾರೆ ಗೊತ್ತಲ್ವ?"

"ಗೊತ್ತು." ಚಳಿಯಲ್ಲೂ ಅವಳ ಕೆನ್ನೆ ಬಿಸಿಯಾಯಿತು. "ಮದುವೆಗೆ ಅಂತ. ಅದು ನಿಜ, ಗುಲೇದ್. ಋಣ ತೀರಿಸೋಕೆ ಅಲ್ಲ... ನೀವು ಬೇಕು, ಅದಕ್ಕೆ."

ಅವನ ಕಣ್ಣು ತುಂಬಿ ಬಂತು. "ನಮ್ಮಲ್ಲಿ ಮದುವೆ ಆದ್ರೂ ಹೆಣ್ಣಿನ ಹೆಸರು ಬದಲಾಗಲ್ಲ. ಒಳ್ಳೇದೇ ಆಯ್ತು. ನಿನ್ನ ಹೆಸರು ಮುತ್ತಾತನ ತನಕ ನನಗೆ ಬಾಯಿಪಾಠ. ಇನ್ನು ದಿನಾ ಹೇಳಿದ್ರೆ ಸಾಕು."

"ಹಾಗಾದ್ರೆ ಇವತ್ತಿಂದಲೇ ಹೇಳು."

"ದಾರೀಲಿ ಹೇಳ್ಕೊಳ್ರಪ್ಪ," ಅಜ್ಜಿ ಒಳಗಿಂದ ಕಿಟಕಿ ತಟ್ಟಿದಳು, "ನನಗೆ ಚಳಿ ಆಗ್ತಿದೆ."

ಗುಲೇದ್ ನಕ್ಕು ಇದಿಲ್‌ಗೆ ಮುಂದಿನ ಬಾಗಿಲು ತೆರೆದ. "ಇದಿಲ್," ಎಂದ, "ವರ್ಸಮೆ ಮಗಳು..."