ನೀಲಿ ಬಣ್ಣದ ಪರೀಕ್ಷೆ

ಲ್ಯಾಬಿನಲ್ಲಿ ನಮ್ಮಿಬ್ಬರಿಗೆ ಮೊದಲು ಜಗಳವಾದದ್ದು ವಾಸನೆಯ ವಿಷಯಕ್ಕೆ. ನಾನು ಔಷಧಿ ಅಣಬೆ ಕುದಿಸಿ ಸಾರ ತೆಗೆಯುವವಳು. ಅವನು ಪಕ್ಕದ ಕೋಣೆಯಲ್ಲಿ ರೋಗನಿರೋಧಕ ಕೋಶಗಳನ್ನು ಸಾಕುವವನು.

"ಮೇಡಂ, ನಿಮ್ಮ ಕಷಾಯದ ವಾಸನೆಗೆ ನನ್ನ ಕೋಶಗಳು ಮೂಗು ಮುಚ್ಕೊಂಡಿವೆ," ಎಂದ.

"ಅವಕ್ಕೆಲ್ಲಿ ಮೂಗು? ನಿಮಗೆ ಬಾಯಿ ಮಾತ್ರ ಜಾಸ್ತಿ," ಎಂದೆ.

ಅಂದಿನಿಂದ ಅವನ ಬಾಯಲ್ಲಿ ನಾನು ಕಷಾಯ, ನನ್ನ ಬಾಯಲ್ಲಿ ಅವನು ಬಾಯಿಬಡುಕ.

ಅವನು ಬ್ಯಾಕ್ಟೀರಿಯಾದ ವಿಷ ಹಾಕಿ ಕೋಶಗಳನ್ನು ಕೆಣಕುತ್ತಿದ್ದ. ಅವು ಉರಿದೇಳುತ್ತಿದ್ದವು, ಮೈಯಲ್ಲಿ ಉರಿಯೂತ ಹುಟ್ಟುವುದೂ ಹೀಗೆಯೇ. ನನ್ನ ಸಾರ ಬಿದ್ದ ಮೇಲೆ ಆ ಉರಿ ಇಳಿಯಬೇಕು. ಇಳಿದರೆ ಪ್ರಾಜೆಕ್ಟ್ ಮುಂದುವರಿಯುತ್ತದೆ, ನಾನು ಇಲ್ಲೇ ಉಳಿಯುತ್ತೇನೆ. ಇಲ್ಲವಾದರೆ ದೂರದ ಲ್ಯಾಬೊಂದು ಕರೆದಿತ್ತು. ಶುಕ್ರವಾರದೊಳಗೆ ಉತ್ತರ ಕೊಡಬೇಕಿತ್ತು. ಅವನು ಊರು ಬಿಡುವ ಮಾತೇ ಇರಲಿಲ್ಲ. ಹಾಸಿಗೆ ಹಿಡಿದ ಅಪ್ಪನಿಗೆ ತುತ್ತು ತಿನ್ನಿಸಲೂ ಅವನೇ ಬೇಕು.

ಹೋದ ವಾರ ಉರಿ ಇಳಿಯಿತು!

"ಕಷಾಯ, ಗೆದ್ದುಬಿಟ್ಟೆ ಕಣೇ!" ಎಂದು ಗ್ಲೌಸ್ ಹಾಕಿದ ಕೈಯಲ್ಲೇ ನನ್ನ ಎರಡೂ ಕೈ ಹಿಡಿದ. ಬಿಡುವುದನ್ನು ಮರೆತ. ನಾನೂ ನೆನಪಿಸಲಿಲ್ಲ. ಅವನ ಕಿವಿಗಳು ಕೆಂಪಾಗಿದ್ದವು.

ಈ ವಾರವಂತೂ ಅವನು ಬೆಣ್ಣೆ. ಕೇಳದೆ ಕಾಫಿ ತಂದ, ನನ್ನ ಫ್ಲಾಸ್ಕ್ ತೊಳೆದ, ಗಲ್ಲಕ್ಕೆ ಕೈಕೊಟ್ಟು ನನ್ನನ್ನೇ ನೋಡುತ್ತ ಕೂತ.

"ಏನೋ ಹಂಗೆ ನೋಡ್ತೀಯಾ?"

"ಕಣ್ಣಿರೋದು ಇನ್ಯಾತಕ್ಕೆ?"

ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಗುರುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ತೆಗೆದೆ. "ಬರಲ್ಲ ಅಂತ ಅವರಿಗೆ ಈಗಲೇ ಮೇಲ್ ಹಾಕ್ತೀನಿ. ಸಂಜೆ ನಿಮ್ಮಪ್ಪನ್ನ ನೋಡೋಕೆ ಬರ್ತೀನಿ. ಏನಂತ ಪರಿಚಯ ಮಾಡಿಸ್ತೀಯಾ? ಸೊಸೆ ಅಂತಾನಾ?"

ಅವನು ನಗಲಿಲ್ಲ. "ಮೊದಲು ಇಲ್ಲಿ ಬಂದು ನೋಡು," ಎಂದ.

ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಕೋಶಗಳಿಗೆ ನೀಲಿ ಬಣ್ಣ ಹಾಕಿದ್ದ. ಬದುಕಿರುವ ಕೋಶ ಆ ಬಣ್ಣವನ್ನು ಒಳಗೆ ಬಿಡುವುದಿಲ್ಲ. ಸತ್ತದ್ದು ಮಾತ್ರ ನೀಲಿಯಾಗುತ್ತದೆ. ಎಲ್ಲಿ ನೋಡಿದರೂ ನೀಲಿ. ನನ್ನ ಸಾರ ಉರಿ ಆರಿಸಿರಲಿಲ್ಲ, ಕೋಶಗಳನ್ನೇ ಕೊಂದಿತ್ತು.

"ಸಾರ ಕಡಿಮೆ ಹಾಕಿ ನೋಡಿದ್ಯಾ?"

"ನೋಡ್ದೆ. ಬದುಕ್ತವೆ. ಆದ್ರೆ ಉರಿ ಇಳಿಯಲ್ಲ."

"ಯಾವಾಗ ಗೊತ್ತಾಯ್ತು?"

"ಸೋಮವಾರ."

"ಸೋಮವಾರದಿಂದ ಬಾಯಿಗೆ ಬೀಗ ಹಾಕ್ಕೊಂಡು ನನಗೆ ಕಾಫಿ ಕುಡಿಸಿದ್ಯಲ್ಲೋ!" ಅವನ ಭುಜಕ್ಕೆ ಗುದ್ದಿದೆ. ಗುದ್ದುತ್ತಲೇ ಅತ್ತೆ. ಕೊಸರಿಕೊಳ್ಳದೆ ನಿಂತಿದ್ದ.

"ಹೇಳಿದ್ರೆ ಹೋಗಿಬಿಡ್ತೀಯಲ್ಲ. ಶುಕ್ರವಾರ ಹೇಗೋ ದಾಟಿಬಿಡ್ಲಿ ಅನ್ನಿಸ್ತು. ಆದ್ರೆ ಆಮೇಲೆ ಇಲ್ಲಿನ ಕೆಲಸಾನೂ ಹೋಗಿ, ಅಲ್ಲಿನದೂ ಹೋದ್ರೆ? ನಿನ್ನ ಬಾಳು ಹಾಳು ಮಾಡಿ ನಿನ್ನನ್ನ ಉಳಿಸ್ಕೊಳ್ಳೋಕೆ ಆಗ್ಲಿಲ್ಲ ಕಣೇ." ಅವನು ಮೈಕ್ರೋಸ್ಕೋಪಿನ ದೀಪ ಆರಿಸಿದ. "ನೀನಂದ್ರೆ ನಂಗೆ ಜೀವ. ಹೋಗು."

ಬಾಯಿಬಡುಕ ಇಷ್ಟು ದಿನ ಹೇಳದೆ ಉಳಿಸಿಕೊಂಡ ಇನ್ನೊಂದು ಮಾತು ಅದು. ಕೇಳಲು ಎಷ್ಟು ಕಾದಿದ್ದೆ! ಬಂದಾಗ ಬೆನ್ನಿಗೇ 'ಹೋಗು' ಕಟ್ಟಿಕೊಂಡು ಬಂತು. ಅಪ್ಪನನ್ನು ಬಿಟ್ಟು ನನ್ನ ಜೊತೆ ಬಾ ಎಂದು ನಾನಾದರೂ ಯಾವ ಬಾಯಲ್ಲಿ ಹೇಳಲಿ?

ಕೂತೆ. ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದುಕೊಂಡೆ. ಅವನು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತ.

"ಬರೀ," ಎಂದ.

ಬರೆದೆ. ಬರುತ್ತೇನೆ ಅಂತ, ಅವನಿಲ್ಲದ ಊರಿಗೆ.