ನಿಲ್ಲಿಸಿ ನೋಡಿದ ಜಾಗ

ಹಂಚಿನ ಮೇಲೆ ಇಟ್ಟ ಡಿಸ್ಕು ತಿರುಗಲಿಲ್ಲ. ಮೊದಲ ಸಲ ಬಂದವರಿಗೆಲ್ಲ ಇದೇ ಸೋಜಿಗ. ತಿರುಗದ ಡಿಸ್ಕಿನಿಂದ ಸಿನಿಮಾ ಹೇಗೆ ಬಂದೀತು? ಗದಗಿನ ಹಳೆಯ ಮುದ್ರಣಾಲಯವೊಂದರ ಉದ್ದನೆಯ ಕೋಣೆಯಲ್ಲಿ ಪರದೆಗಳನ್ನು ಎಳೆದು, ಜನ ಬೆಂಚುಗಳ ಮೇಲೆ ಕೂತು ಕಾಯುತ್ತಿದ್ದರು. ಕಪ್ಪು ಗಾಜಿನ ತಟ್ಟೆಯ ಅಡಿಯಿಂದ ತಿಳಿನೀಲಿ ಬೆಳಕು ಮೆಲ್ಲಗೆ ಏರಿತು. ಡಿಸ್ಕಿನ ಮೈಮೇಲಿನ ಬಣ್ಣಗಳೆಲ್ಲ ಚಾವಣಿಗೆ ಹರಡಿ, ಸ್ವಲ್ಪ ಹೊತ್ತು ಅಲ್ಲೇ ನಡುಗುತ್ತ ನಿಂತವು. ಆಮೇಲೆ ಎದುರಿನ ಸುಣ್ಣದ ಗೋಡೆಯ ಮೇಲೆ ಅರ್ಧ ಶತಮಾನದ ಹಿಂದಿನ ನಾಯಕನೊಬ್ಬ ಸೈಕಲ್ ತುಳಿಯುತ್ತ ಬಂದ.

"ಅಯ್ಯ, ಬಂತಲ್ರೀ!" ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಪ್ರತಿ ಶನಿವಾರ ಮಧ್ಯಾಹ್ನ ಯಾರಾದರೊಬ್ಬರು ಹೀಗೆ ಅನ್ನುವುದಿತ್ತು.

ಅದು ೨೦೫೬ನೇ ಇಸವಿ. ಯಂತ್ರದ ಹೆಸರು ನಿಶ್ಚಲ ಪಠಕ. ಅದನ್ನು ಕಂಡುಹಿಡಿದವರು ಬೆಳಕಿನ ವಿಜ್ಞಾನದಲ್ಲಿ ಪಳಗಿದ ಡಾ. ನೀಲಾಂಬಿಕಾ ಹೊಂಬಳ. ರೊಟ್ಟಿ ಹಾಕಿದ ಹಾಗೆ ಡಿಸ್ಕು ಹಾಕುವುದರಿಂದ ಊರವರು ಅದನ್ನು 'ಹಂಚು' ಎಂದೇ ಕರೆದರು. ಆ ಹೆಸರು ನಿಂತುಬಿಟ್ಟಿತು. ಕೊನೆಗೆ ನೀಲಾಂಬಿಕಾ ಕೂಡ ಪ್ರಬಂಧ ಬರೆಯುವಾಗ ಮಾತ್ರ ಅದರ ನಿಜವಾದ ಹೆಸರನ್ನು ನೆನಪಿಸಿಕೊಳ್ಳುತ್ತಿದ್ದರು.

ಡಿಸ್ಕೆಂದರೆ ಸುರುಳಿಯಾಗಿ ಕೊರೆದ ಕೋಟಿಗಟ್ಟಲೆ ಕುಳಿಗಳು. ಹಳೆಯ ಪ್ಲೇಯರುಗಳು ಡಿಸ್ಕನ್ನು ಗಿರಗಿರನೆ ತಿರುಗಿಸಿ, ಒಂದೇ ಒಂದು ಲೇಸರ್ ಕಿರಣದಿಂದ ಆ ಕುಳಿಗಳನ್ನು ಒಂದಾದ ಮೇಲೊಂದರಂತೆ ಓದುತ್ತಿದ್ದವು. ಹಂಚು ಇಡೀ ಡಿಸ್ಕಿಗೆ ಒಮ್ಮೆಲೇ ಬೆಳಕು ಹಾಯಿಸಿ ಎಲ್ಲ ಕುಳಿಗಳನ್ನೂ ಒಟ್ಟಿಗೆ ನೋಡುತ್ತದೆ. ವಿಸಿಡಿ, ಡಿವಿಡಿ, ಬ್ಲೂ-ರೇ ಎಂಬ ಭೇದ ಅದಕ್ಕಿಲ್ಲ. ಗೀರು ಬಿದ್ದಿದ್ದರೂ ಸೈ, ಅರ್ಧಕ್ಕೆ ಒಡೆದಿದ್ದರೂ ಸೈ. ಈ ಡಿಸ್ಕುಗಳನ್ನು ಓದುವ ಪ್ಲೇಯರುಗಳು ಗುಜರಿ ಸೇರಿ ಎಷ್ಟೋ ವರ್ಷಗಳಾಗಿದ್ದವು. ಆದ್ದರಿಂದ ಜನ ಹಿತ್ತಾಳೆ ಡಬ್ಬಿ, ಚೀಲ, ಹಳೆಯ ಸೂಟ್‌ಕೇಸುಗಳಲ್ಲಿ ಅವನ್ನು ತುಂಬಿಕೊಂಡು ಹಂಚಿನ ಮುಂದೆ ಸಾಲು ಹಚ್ಚುತ್ತಿದ್ದರು.

ಆದರೆ ಹಂಚು ಓದುತ್ತಿದ್ದುದು ಸಿನಿಮಾವನ್ನಷ್ಟೇ ಅಲ್ಲ. ಕುಳಿಗಳ ಜೊತೆಗೆ ತೆಳುವಾದ ನೆರಳಿನ ಉಂಗುರಗಳೂ ಅದಕ್ಕೆ ಕಾಣುತ್ತಿದ್ದವು. ನೀಲಾಂಬಿಕಾ ಮೊದಲಿಗೆ ಅವನ್ನು ಕೊಳೆಯೆಂದು ತಿಳಿದು ಲೆಕ್ಕದಿಂದ ತೆಗೆದುಹಾಕಿದರು. ಅದು ಕೊಳೆಯಲ್ಲ ಎಂದು ತಿಳಿಯಲು ಎರಡು ವರ್ಷ ಬೇಕಾಯಿತು. ಯಾರಾದರೂ ಒಂದು ದೃಶ್ಯವನ್ನು ಮತ್ತೆ ಮತ್ತೆ ನೋಡಿದ್ದರೆ, ಇಲ್ಲವೇ ಪಾಜ್ ಗುಂಡಿ ಒತ್ತಿ ಚಿತ್ರವನ್ನು ನಿಲ್ಲಿಸಿಟ್ಟಿದ್ದರೆ, ಲೇಸರ್ ಅಷ್ಟು ಹೊತ್ತೂ ಅದೇ ಜಾಗದ ಮೇಲೆ ಬಿದ್ದಿರುತ್ತದೆ. ಆ ಕಾಲದ ಅಗ್ಗದ ಪ್ಲಾಸ್ಟಿಕ್ಕು ಅಲ್ಲಿ ಒಂದಿಷ್ಟು ಮಂಕಾಗಿ, ದಶಕಗಳು ಕಳೆದ ಹಾಗೆ ಆ ಮಂಕು ಬೆಳೆಯುತ್ತದೆ. ಹಾಗಾಗಿ ಒಂದು ಮನೆ ಆ ಸಿನಿಮಾವನ್ನು ಹೇಗೆ ನೋಡಿತ್ತು ಎಂಬುದು ಡಿಸ್ಕಿನ ಮೇಲೆ ಉಳಿದುಕೊಂಡಿತ್ತು.

ಇದು ಗೊತ್ತಾದ ಮೇಲೆ ಶನಿವಾರಗಳಿಗೆ ಹೊಸ ಕಳೆ ಬಂತು. ಒಂದು ಮನೆಯಲ್ಲಿ ಸಿನಿಮಾದ ಕೊನೆಯ ಹತ್ತು ನಿಮಿಷವನ್ನು ಯಾರೂ ನೋಡಿಯೇ ಇರಲಿಲ್ಲ. ನಾಯಕಿ ಸಾಯುತ್ತಾಳೆಂದು ಅಜ್ಜಿ ಪ್ರತಿ ಸಲವೂ ಅಲ್ಲಿಗೇ ಬಂದ್ ಮಾಡಿಸುತ್ತಿದ್ದಳಂತೆ. ನಿವೃತ್ತ ಹೆಡ್‌ಮಾಸ್ತರರೊಬ್ಬರ ಭಕ್ತಿಚಿತ್ರದ ಡಿಸ್ಕಿನಲ್ಲಿ ದಟ್ಟವಾದ ಉಂಗುರ ಕಂಡದ್ದು ಅಪ್ಸರೆಯ ಜಲಕ್ರೀಡೆಯ ಜಾಗದಲ್ಲಿ. "ಅದು ನಮ್ಮ ತಮ್ಮಂದ್ರಿ, ನಾ ನೋಡಿಲ್ಲ" ಎಂದು ಮಾಸ್ತರರು ಟೋಪಿ ಸರಿಪಡಿಸಿಕೊಂಡರು. ಸಭೆ ಬಿದ್ದು ಬಿದ್ದು ನಕ್ಕಿತು.

ಪ್ರತಿ ಶನಿವಾರವೂ ತಪ್ಪದೆ ಬಂದು, ಸಾಲಿನಲ್ಲಿ ನಿಂತವರನ್ನೆಲ್ಲ ವಿಚಾರಿಸುತ್ತಿದ್ದವರು ದಾದಾಪೀರ್ ನದಾಫ್. ವಯಸ್ಸು ಅರವತ್ಮೂರು. ಅವರ ಮನೆಯಲ್ಲಿ ಆರು ಸಾವಿರ ಡಿಸ್ಕುಗಳಿದ್ದವು. "ಮಂಚದ ಕೆಳಗೂ ಅವ, ಅಟ್ಟದ ಮ್ಯಾಲೂ ಅವ. ನಾ ಎಲ್ಲೆ ಇರಬೇಕ್ರಿ?" ಎಂದು ಅವರ ಹೆಂಡತಿ ಜೈಬುನ್ನೀಸಾ ಬಂದವರ ಮುಂದೆಲ್ಲ ದೂರುತ್ತಿದ್ದರು. ದಾದಾಪೀರರ ಕೈಯಲ್ಲಿ ಯಾವಾಗಲೂ ಒಂದೇ ಕವರ್ ಇರುತ್ತಿತ್ತು, 'ಲೇಟಾಗಿ ಬಂದ ಪ್ಯಾಸೆಂಜರ್' ಎಂಬ ಚಿತ್ರದ್ದು.

"ಏನ್ರೀ, ನಿಮ್ಮ ಮನ್ಯಾಗ ಇದರ ಎರಡನೇ ಡಿಸ್ಕ್ ಐತೇನ್ರಿ?" ಇದು ಅವರು ಕೇಳುವ ಪ್ರಶ್ನೆ.

ಒಂದು ದಿನ ಜನವೆಲ್ಲ ಹೋದ ಮೇಲೆ ಅವರು ನೀಲಾಂಬಿಕಾಗೆ ಪೂರ್ತಿ ಕತೆ ಹೇಳಿದರು. ಆಗಿನ ವಿಸಿಡಿಯಲ್ಲಿ ಒಂದು ಸಿನಿಮಾ ಎರಡು ಡಿಸ್ಕುಗಳಲ್ಲಿ ಬರುತ್ತಿತ್ತು. ಮೊದಲನೆಯದು ಮುಗಿದರೆ ಇಂಟರ್ವೆಲ್. ಅವರ ಅಪ್ಪ ನಡೆಸುತ್ತಿದ್ದ ವಿಡಿಯೋ ಲೈಬ್ರರಿಯಲ್ಲಿ ಡಿಸ್ಕುಗಳ ಮೇಲೆ ಮಾರ್ಕರಿನಿಂದ ನಂಬರ್ ಬರೆದು, ವಾಪಸ್ ಬಂದಾಗ ಕವರ್ ತೆರೆದು ಎರಡೂ ಸರಿಯಾಗಿವೆಯೇ ಎಂದು ನೋಡುವ ಪದ್ಧತಿ ಇತ್ತು. ಈ ಚಿತ್ರದ ಶೂಟಿಂಗ್ ನಡೆದದ್ದು ಗದಗ ಸ್ಟೇಷನ್ನಿನಲ್ಲಿ. ನೋಡಲು ಹೋದ ಊರವರನ್ನೇ ಗುಂಪಿನ ದೃಶ್ಯದಲ್ಲಿ ನಿಲ್ಲಿಸಿದ್ದರು. ಅವರಲ್ಲಿ ದಾದಾಪೀರರ ತಾಯಿಯೂ ಒಬ್ಬರು.

"ಅವ್ವ ತೀರಿಕೊಂಡಾಗ ನನಗ ಹನ್ನೊಂದು ವರ್ಷ. ಆಕೀವು ಎರಡ ಫೋಟೋ ಅದಾವ, ಎರಡರಾಗೂ ಮಾರಿ ಬಿಗದಕೊಂಡು ನಿಂತಾಳ. ಆದ್ರ ಈ ಪಿಚ್ಚರನ್ಯಾಗ, ಕಡೀಕ ರೈಲು ಬರೂ ಮುಂದ, ಅವ್ವ ನಕ್ಕಂಗ ನೆನಪು. ಖರೇನ ನಕ್ಕಳೋ, ನಾನ ಹಂಗ ಅನ್ಕೊಂಡೇನೋ ಗೊತ್ತಿಲ್ಲ. ಅಷ್ಟ ಗೊತ್ತಾದ್ರ ಸಾಕ್ರಿ ಮೇಡಂ."

"ಡಿಸ್ಕ್ ಹೆಂಗ ಹೋತು?"

"ಅವ್ವ ಸತ್ತ ಮ್ಯಾಲೆ ನಲವತ್ತು ದಿನ ಅಪ್ಪ ಅಂಗಡ್ಯಾಗ ಕುಂತರೂ ಯಾವ ಕವರೂ ತೆಗದ ನೋಡ್ಲಿಲ್ಲ. ಯಾರೋ ಅದರಾಗ ಬ್ಯಾರೆ ಪಿಚ್ಚರಿನ ಎರಡನೇ ಡಿಸ್ಕ್ ಇಟ್ಟು ಕೊಟ್ಟು ಹೋದ್ರು. ಐವತ್ತೆರಡು ವರ್ಷ ಆತು, ಆ ಕಳ್ಳಗ ನಾ ಬೈಯದ ದಿನಾ ಇಲ್ಲ."

ಆ ಚಿತ್ರ ಬೇರೆಲ್ಲೂ ಇರಲಿಲ್ಲವೇ? ಇತ್ತು. ಒಂದೇ ಡಿವಿಡಿಯಲ್ಲಿ ಮೂರು ಸಿನಿಮಾ ತುಂಬಿದಾಗ ಜಾಗ ಸಾಲದೆಂದು ಸ್ಟೇಷನ್ ದೃಶ್ಯವನ್ನು ಮೊಟಕು ಮಾಡಿದ್ದರು. ಮುಂದೆ ಚಿತ್ರಗಳೆಲ್ಲ ತಂತಿಯಲ್ಲೂ ಗಾಳಿಯಲ್ಲೂ ಹರಿದು ಬರುವ ಕಾಲಕ್ಕೆ ಆ ದೃಶ್ಯ ಪೂರ್ತಿ ಹೋಯಿತು. ಮನೆ ಬದಲಿಸಿದಾಗಲೆಲ್ಲ ಒಂದೆರಡು ಪಾತ್ರೆ ಕಳೆದುಹೋಗುತ್ತವಲ್ಲ, ಹಾಗೆ. ಇದೇ ವಿಸಿಡಿಯ ಇನ್ನೆರಡು ಪ್ರತಿಗಳನ್ನು ದಾದಾಪೀರ್ ಬೇರೆ ಊರುಗಳಿಂದ ಹುಡುಕಿ ತಂದಿದ್ದರು. ಆದರೆ ಡಿಸ್ಕಿನಲ್ಲಿ ಚಿತ್ರ ಒಳಗಿನಿಂದ ಹೊರಕ್ಕೆ ಸಾಗುತ್ತದೆ, ಗಾಳಿ ತೇವ ಹೊಕ್ಕು ಅದು ಕೊಳೆಯುವುದು ಅಂಚಿನಿಂದ. ಅಂದರೆ ಯಾವ ಸಿನಿಮಾದಲ್ಲೂ ಮೊದಲು ಅಳಿಯುವುದು ಕೊನೆ. ಆ ಎರಡು ಪ್ರತಿಗಳಲ್ಲೂ ರೈಲು ಬರುವ ಮೊದಲೇ ಗೋಡೆ ಬೆಳ್ಳಗಾಗಿತ್ತು.

ಶ್ರಾವಣದ ಒಂದು ಶನಿವಾರ ಬೆಟಗೇರಿಯಿಂದ ಅಂಬೂಬಾಯಿ ಭಾಂಡಗೆ ಬಂದರು. ಎಂಬತ್ತೆರಡು ವರ್ಷದ ನೇಕಾರರ ಮನೆಯ ಹೆಣ್ಣುಮಗಳು. ಬೆನ್ನು ಬಾಗಿದ್ದರೂ ಮಾತು ನೆಟ್ಟಗೆ. ಅವರು ಕಾಯಿಸಲಿಲ್ಲ, ಕಾಯಲೂ ಇಲ್ಲ. ಸಾಲು ದಾಟಿ ಬಂದು ರೇಷ್ಮೆಯ ತುಂಡೊಂದನ್ನು ಬಿಚ್ಚಿದರು. ಕರ್ಪೂರದ ವಾಸನೆ ಕೋಣೆಯಲ್ಲೆಲ್ಲ ಹರಡಿತು. ಒಳಗೆ ಒಂದೇ ಡಿಸ್ಕು, ಅಂಚೆಲ್ಲ ಹೊಸದರಂತೆ ಹೊಳೆಯುತ್ತಿತ್ತು.

ಅದರ ಮೇಲಿನ ಮಾರ್ಕರ್ ಅಕ್ಷರ ಕಂಡದ್ದೇ ದಾದಾಪೀರ್ ಎದ್ದು ನಿಂತರು. ಅದು ಅವರಪ್ಪನ ಕೈಬರಹ.

"ಇದು ನಮ್ಮ ಡಿಸ್ಕು," ಎಂದರು. "ನೀವೇನ್ರಿ ಕದ್ದವರು?"

"ಹೂಂ, ನಾನ," ಎಂದರು ಅಂಬೂಬಾಯಿ. ಅವರ ಮುಖದಲ್ಲಿ ಅಳುಕಿರಲಿಲ್ಲ. "ನೀ ನದಾಫರ ಮಗ ಏನಪಾ? ಬೈಯೂದಿದ್ರ ಬೈ. ಮೊದಲ ನೋಡೂಣು, ಆಮ್ಯಾಲೆ ಬೈ. ನನ್ನ ಪ್ಲೇಯರ್ ಕೆಟ್ಟು ಮೂವತ್ತು ವರ್ಷ ಆತು, ನನ್ನ ಗಂಡನ್ನ ನೋಡಿ ಮೂವತ್ತು ವರ್ಷ ಆತು."

ಸ್ಟೇಷನ್ ದೃಶ್ಯದ ಆ ಗುಂಪಿನಲ್ಲಿ ಅವರ ಗಂಡ ಪರಶುರಾಮನೂ ಇದ್ದ. ಚಿತ್ರದ ವಿಸಿಡಿ ಬರುವ ಹೊತ್ತಿಗೆ ಅವನು ತೀರಿಕೊಂಡಿದ್ದ. "ಫೋಟೋದಾಗ ಅಂವ ನಿಂತಾನ. ಇದರಾಗ ನಡೀತಾನ," ಎಂದರು ಅಂಬೂಬಾಯಿ. "ನಡಿಯೂ ಗಂಡನ್ನ ಹೆಂಗ ವಾಪಸ್ ಕೊಡ್ಲಿ ಹೇಳು?"

ಐವತ್ತೆರಡು ವರ್ಷ ಆ ಕಳ್ಳನಿಗೆ ದಿನವೂ ಬೈದವರು ದಾದಾಪೀರ್. ಈಗ ಅವರೇ ಸರಿದು ಕೂತು, ಬೆಂಚಿನಲ್ಲಿ ಆಕೆಗೆ ಜಾಗ ಮಾಡಿಕೊಟ್ಟರು.

ಬೆಳಕು ಏರಿತು. ನೀಲಾಂಬಿಕಾ ಮೊದಲು ನೆರಳಿನ ನಕ್ಷೆ ನೋಡಿದರು, ಅವರ ಮುಖ ಸಪ್ಪಗಾಯಿತು. ಅಂಚು ಚೆನ್ನಾಗಿತ್ತು, ಕರ್ಪೂರ ಮತ್ತು ರೇಷ್ಮೆ ತಮ್ಮ ಕೆಲಸ ಮಾಡಿದ್ದವು. ಆದರೆ ಕೊನೆಗೆ ಸ್ವಲ್ಪ ಮೊದಲು ಒಂದು ಉಂಗುರ ಕಾಡಿಗೆಯಷ್ಟು ಕಪ್ಪಾಗಿತ್ತು. ಅಷ್ಟು ದಟ್ಟವಾದ ನೆರಳನ್ನು ಅವರು ಯಾವ ಡಿಸ್ಕಿನಲ್ಲೂ ಕಂಡಿರಲಿಲ್ಲ.

"ಅಜ್ಜಿ, ಇಲ್ಲೆ ಎಷ್ಟು ಸಲ ನಿಲ್ಲಿಸಿದ್ರಿ?"

"ದಿನಾ. ಮಗ್ಗದಿಂದ ಎದ್ದು ಊಟಕ್ಕ ಕೂಡೂ ಮುಂದ. ಇಪ್ಪತ್ತೆರಡು ವರ್ಷ."

ಗೋಡೆಯ ಮೇಲೆ ಗದಗ ಸ್ಟೇಷನ್ ಮೂಡಿತು. ವಿಸಿಡಿಯ ಚಿತ್ರ, ಸಣ್ಣ ಸಣ್ಣ ಚೌಕಗಳು ಸೇರಿ ಆದದ್ದು. ಬಿಸಿಲು, ಧೂಳು, ಕಾಯುತ್ತ ನಿಂತ ಜನ. ಕನಸಿನಲ್ಲಿ ಬರುವ ಗುಂಪಿನಂತೆ ಎಲ್ಲರೂ ಪರಿಚಿತರು, ಯಾರ ಮುಖವೂ ಪೂರ್ತಿಯಲ್ಲ. ಬಿಳಿ ಅಂಗಿಯ ಎತ್ತರದ ಗಂಡಸೊಬ್ಬ ಎಡದಿಂದ ನಡೆದು ಬಂದ. "ಬಂದ ನೋಡು, ಬಂದ," ಎಂದು ಅಂಬೂಬಾಯಿ ದಾದಾಪೀರರ ಮೊಣಕೈ ಹಿಡಿದರು. ಅವನ ಹಿಂದೆ ಹಸಿರು ಸೀರೆಯ ಹೆಂಗಸೊಬ್ಬಳು, ತುಟಿ ಬಿಗಿದು ನಿಂತಿದ್ದಳು.

"ಅವ್ವ," ಎಂದರು ದಾದಾಪೀರ್.

ನಡೆಯುತ್ತಿದ್ದವನ ಕಾಲಿಗೆ ಯಾವುದೋ ಟ್ರಂಕು ತಗುಲಿತು. ಅವನು ಮುಗ್ಗರಿಸಿದ. ಅಷ್ಟರಲ್ಲಿ ಗೋಡೆ ಬೂದಿಬಣ್ಣಕ್ಕೆ ತಿರುಗಿತು. ಮೂರು ಸೆಕೆಂಡು ಏನೂ ಇಲ್ಲ. ಚಿತ್ರ ಮರಳಿ ಬಂದಾಗ ಬಿಳಿ ಅಂಗಿಯವನು ನಾಚಿ ಮುಂದೆ ಹೋಗುತ್ತಿದ್ದ, ಹಸಿರು ಸೀರೆಯವಳ ಸೆರಗು ಬಾಯಿಯನ್ನು ಮುಚ್ಚಿತ್ತು. ರೈಲು ಬಂತು. ಸಿನಿಮಾ ಮುಗಿಯಿತು.

ಮೂರು ಸಲ ಹಾಕಿದರು, ಮೂರು ಸಲವೂ ಅದೇ. ಕೊಳೆತದ್ದನ್ನು, ಒಡೆದದ್ದನ್ನು ಓದಬಲ್ಲ ಯಂತ್ರಕ್ಕೆ ನೋಡಿ ನೋಡಿ ಸವೆದದ್ದನ್ನು ಓದಲು ಆಗಲಿಲ್ಲ.

"ಹಿಂದಿನ ಮುಂದಿನ ಚಿತ್ರ ಇಟಗೊಂಡು ನಡುವಿಂದು ಊಹೆ ಮಾಡಿ ತುಂಬಬಹುದು," ಎಂದರು ನೀಲಾಂಬಿಕಾ ಮೆಲ್ಲಗೆ. "ನಕ್ಕಂಗೂ ತುಂಬುತ್ತದ, ನಗದಂಗೂ ತುಂಬುತ್ತದ. ನೀವು ಹೇಳಿದಂಗ. ನೋಡಿದವರಿಗೆ ವ್ಯತ್ಯಾಸ ಗೊತ್ತಾಗೂದಿಲ್ಲ."

ದಾದಾಪೀರ್ ಗೋಡೆಯನ್ನೇ ನೋಡುತ್ತ ತಲೆಯಾಡಿಸಿದರು. "ಬ್ಯಾಡ್ರಿ. ನಾ ಹೇಳಿದಂಗ ನಕ್ಕರ ಅದು ಅವ್ವ ಅಲ್ಲ."

ಆಗ ಅಂಬೂಬಾಯಿ, ಇಷ್ಟು ಹೊತ್ತೂ ಏನೋ ನೆನಪಿಸಿಕೊಳ್ಳುತ್ತಿದ್ದವರು, ಅವರತ್ತ ತಿರುಗಿದರು.

"ಹಸಿರು ಸೀರಿಯಾಕಿ ನಿಮ್ಮವ್ವೇನೋ? ಅಯ್ಯ ನನ್ನಪ್ಪ. ನಾ ಇಪ್ಪತ್ತೆರಡು ವರ್ಷ ನಿಲ್ಲಿಸಿದ್ದು ಅಲ್ಲೇ ಅಲ್ಲೇನು! ಇಂವ ಮುಗ್ಗರಿಸಿದ್ದು ನೋಡಿ ಆಕಿ ನಕ್ಕಳು. ಆಕಿ ನಕ್ಕಳಂತ ಇಂವ ಹೊಳ್ಳಿ ನೋಡಿದ. ಅದೊಂದ ಕಡೆ ಇವನ ಮಾರಿ ನೆಟ್ಟಗ ಕಾಣತಿತ್ತು. ಆಕಿ ನಗಲಾರದ ಇದ್ದಿದ್ರ ನನಗ ಇವನ ಬೆನ್ನ ಗತಿ ಆಗತಿತ್ತು."

"ನಕ್ಕಳ್ರೀ?" ದಾದಾಪೀರ್ ಆಕೆಯತ್ತ ಬಾಗಿದರು. "ಖರೇನ?"

"ಹಂಗಿಂಗಲ್ಲ. ಮ್ಯಾಲಿನ ಹಲ್ಲು ಒಂದು ಸೊಟ್ಟ ಇತ್ತು, ಎಡಗಡೆ. ನಗೂ ಮುಂದ ಒಂದು ಕಣ್ಣು ಪೂರಾ ಮುಚ್ಚತಿತ್ತು. ಹಿಂಗ." ಎಂಬತ್ತೆರಡರ ಆ ಮುದುಕಿ ಎಡಗಣ್ಣು ಮುಚ್ಚಿ, ಭುಜ ಮೇಲೆತ್ತಿ, ಇಪ್ಪತ್ತೆರಡು ವರ್ಷ ದಿನವೂ ಕಂಡಿದ್ದ ನಗುವನ್ನು ನಕ್ಕು ತೋರಿಸಿದರು.

ಸೊಟ್ಟ ಹಲ್ಲಿನ ವಿಷಯ ದಾದಾಪೀರ್ ಯಾರಿಗೂ ಹೇಳಿರಲಿಲ್ಲ. ಅವರಿಗೇ ಅದು ಮರೆತುಹೋಗಿತ್ತು. ಅರವತ್ಮೂರು ವರ್ಷದ ಆ ಮನುಷ್ಯ ಬೆಂಚಿನ ಮೇಲೆ ಕೂತು, ಮುಚ್ಚುಮರೆಯಿಲ್ಲದೆ ಅತ್ತರು. ಅಂಬೂಬಾಯಿ ಅವರ ಬೆನ್ನು ಸವರುತ್ತ, "ಬೈಯಾಂವ ಇದ್ದೆಲ್ಲೋ, ಬೈ ಈಗ," ಎಂದರು.

ಹೊರಡುವಾಗ ದಾದಾಪೀರ್ ಕೈಯಲ್ಲಿದ್ದ ಕವರ್ ತೆರೆದರು. ತಪ್ಪು ಡಿಸ್ಕನ್ನು ಹೊರತೆಗೆದು, ಎರಡನೆಯದನ್ನು ಅದರ ಜಾಗದಲ್ಲಿ ಕೂರಿಸಿದರು. ಐವತ್ತೆರಡು ವರ್ಷದ ನಂತರ ಜೋಡಿ ಒಂದಾಗಿತ್ತು. ಆ ಕವರನ್ನು ಅವರು ಅಂಬೂಬಾಯಿಯ ಕೈಗೆ ಕೊಟ್ಟರು.

"ನೀವ ಇಟಗೋರಿ. ಇದನ್ನ ಉಳಿಸಿದವರು ನೀವು."

ಅಂದು ಹಂಚಿನ ಬೆಳಕು ಆರಿಸುವಾಗ ನೀಲಾಂಬಿಕಾಗೆ ಒಂದು ವಿಷಯ ಹೊಳೆಯಿತು. ಆ ದೃಶ್ಯ ಇಷ್ಟಾದರೂ ಉಳಿದದ್ದು ಒಬ್ಬ ಹೆಂಗಸು ಅದನ್ನು ವಾಪಸ್ ಕೊಡದೆ ಇಟ್ಟುಕೊಂಡದ್ದರಿಂದ. ಈಗ ಹರಿದು ಬರುವ ಚಿತ್ರಗಳನ್ನು ಯಾರೂ ಹಾಗೆ ಇಟ್ಟುಕೊಳ್ಳಲಾರರು. ನಾವು ಎಲ್ಲಿ ನಿಲ್ಲಿಸಿದೆವು, ಯಾರ ಮುಖ ನೋಡುತ್ತ ಕೂತೆವು ಎಂಬುದು ಎಲ್ಲೋ ದೂರದ ಕಂಪನಿಗೆ ಗೊತ್ತಿರುತ್ತದೆ, ನಮ್ಮ ಮನೆಯಲ್ಲಿ ಮಾತ್ರ ಅದರ ಗುರುತು ಉಳಿಯುವುದಿಲ್ಲ.

ದಾದಾಪೀರ್ ಮನೆ ಮುಟ್ಟಿದಾಗ ಸಂಜೆಯ ಬಿಸಿಲು ಅಂಗಳದಲ್ಲಿತ್ತು. ಜೈಬುನ್ನೀಸಾ ಅಕ್ಕಿ ಆರಿಸುತ್ತಿದ್ದರು. ಬರಿಗೈಯಲ್ಲಿ ಬಂದ ಗಂಡನನ್ನು ನೋಡಿ ವಿಚಾರಿಸಿದರು, ಎಲ್ಲವನ್ನೂ ಕೇಳಿದರು.

"ಅಂದ್ರ ಐವತ್ತು ವರ್ಷ ಹುಡುಕಿ, ಸಿಕ್ಕ ಮ್ಯಾಲೆ ಕಳ್ಳರ ಕೈಯಾಗ ಮೊದಲನೇದೂ ಕೊಟ್ಟು ಬಂದ್ರಿ!" ಎಂದವರಿಗೆ ನಗು ತಡೆಯಲಾಗಲಿಲ್ಲ. ಮೊರ ಅಲುಗಿ ಅಕ್ಕಿ ಚೆಲ್ಲಿತು. ರೂಢಿಯಂತೆ ಸೆರಗು ಬಾಯಿಗೆ ಹೋಯಿತು.

ದಾದಾಪೀರ್ ಮೆಲ್ಲಗೆ ಆ ಕೈ ಹಿಡಿದು ಕೆಳಗಿಳಿಸಿದರು.

"ಏನ್ ನೋಡ್ತೀರಿ ಹಂಗ?"

"ಏನಿಲ್ಲ. ನಗು," ಎಂದರು ಅವರು.